ಅಂಗಡಿ ಮುಚ್ಚಿದ ಮೂರನೆಯ ದಿನ

ನನ್ನ ಅಪ್ಪ ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿದ್ದರು. ಕೂಡ್ಲಿಗಿಯ ನಮ್ಮ ಕೇರಿಯಲ್ಲಿ ಸರ್ಕಾರಿ ಸಂಬಳ ತಂದ ಮೊದಲ ಕೆಲವರಲ್ಲಿ ಅವರೂ ಒಬ್ಬರು. ಕಳ್ಳಭಟ್ಟಿಯ ಮಡಕೆ ಒಡೆದು ಬಂದ ದಿನ ಅವರ ಖಾಕಿ ಪ್ಯಾಂಟಿನ ಅಂಚಿಗೆ ಕೊಳೆತ ಬೆಲ್ಲದ, ಜಾಲಿ ಚಕ್ಕೆಯ ವಾಸನೆ ಹತ್ತಿರುತ್ತಿತ್ತು. ಅವ್ವ ಅದನ್ನು ಬೇರೆ ಬಟ್ಟೆಗಳ ಜೊತೆ ನೆನೆಸುತ್ತಿರಲಿಲ್ಲ. ಅಪ್ಪ ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ಕುಡಿಯುವವರ ಬಗ್ಗೆ ಮನೆಯಲ್ಲಿ ಮಾತಾಡಿದವರೂ ಅಲ್ಲ. ಹಾಗಾಗಿ ನಾನು ದೊಡ್ಡವಳಾಗಿ ಇದೇ ವಿಷಯವನ್ನು ಹಿಡಿದು ಇಪ್ಪತ್ತು ವರ್ಷ ದುಡಿಯುತ್ತೇನೆಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಬೆಂಗಳೂರಿನ ಸಣ್ಣ ಸಂಶೋಧನಾ ಸಂಸ್ಥೆಯೊಂದು ನಮ್ಮ ಸೀಮೆಯಲ್ಲಿ ಒಂದು ಅಧ್ಯಯನ ಶುರುಮಾಡಿತು. ಸಾರಾಯಿಯಿಂದ, ಮತ್ತಿತರ ಅಮಲಿನಿಂದ ಹಳ್ಳಿಯ ಜನರ ನೆಮ್ಮದಿಗೆ, ಸುರಕ್ಷತೆಗೆ ಏನಾಗುತ್ತಿದೆ, ಸರ್ಕಾರ ಅದಕ್ಕೆ ಏನು ಮಾಡಬೇಕು ಎಂಬುದು ಅದರ ವಿಷಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತಿನ ಹಳ್ಳಿಗಳನ್ನು ತಿರುಗಿ ಮಾಹಿತಿ ತರಲು ಇಲ್ಲಿಯ ಮಾತು ಬಲ್ಲ ಒಬ್ಬರು ಬೇಕಾಗಿದ್ದರು. ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು. ನೇಮಕದ ಕಾಗದವನ್ನು ಎರಡು ಸಲ ಓದಿ, ಮಡಚಿ ನನ್ನ ಕೈಗೆ ಕೊಟ್ಟರು.

"ನಾ ಲಾಠಿ ಹಿಡಕೊಂಡು ಕೇಳಿದ್ರನ ಯಾರೂ ಖರೇ ಹೇಳ್ಲಿಲ್ಲ. ನೀ ಪೆನ್ನು ಹಿಡಕೊಂಡು ಕೇಳಿದ್ರ ಹೇಳ್ತಾರೇನವ್ವಾ?" ಎಂದರು.

ಅವರು ಹೇಳಿದ್ದು ಮೊದಲ ತಿಂಗಳಲ್ಲೇ ನಿಜವಾಯಿತು. ಬೆಂಗಳೂರಿನಿಂದ ಅಚ್ಚಾಗಿ ಬಂದ ಪ್ರಶ್ನಾವಳಿಯಲ್ಲಿ ‘ನಿಮ್ಮ ಮನೆಯಲ್ಲಿ ಮದ್ಯದ ಅಭ್ಯಾಸ ಯಾರಿಗಿದೆ?’ ಎಂಬ ಪ್ರಶ್ನೆಯಿತ್ತು. ಕೊಟ್ಟೂರಿನಲ್ಲಿ ಒಬ್ಬ ಮುದುಕಿಗೆ ಅದನ್ನು ಓದಿ ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, ಮಧ್ಯದವನು ತನ್ನ ಎರಡನೇ ಮಗ, ಅವನ ಅಭ್ಯಾಸ ಏಳನೇ ಇಯತ್ತೆಗೇ ನಿಂತುಹೋಯಿತು, ಈಗ ಹರಿಹರದಲ್ಲಿ ದುಡಿಯುತ್ತಾನೆ ಎಂದು ವಿವರವಾಗಿ ಹೇಳಿದಳು. ನಾನು ನಗು ತಡೆದುಕೊಂಡು, ಕುಡಿಯೋರು ಯಾರಾದರೂ ಇದ್ದಾರೇನಮ್ಮ ಅಂದೆ. ಆಕೆಯ ಮುಖ ಬಿಗಿದುಕೊಂಡಿತು. ನಮ್ಮ ಮನೆಯಲ್ಲಿ ಯಾರೂ ಇಲ್ಲ, ಪಕ್ಕದ ಮನೆಗೆ ಹೋಗು ಅಂದಳು. ಪಕ್ಕದ ಮನೆಯವರೂ ಹಾಗೇ ಅಂದರು. ಹರಪನಹಳ್ಳಿ ಕಡೆಯ ಅರಸೀಕೆರೆಯ ಸಂತೆಯಲ್ಲಂತೂ ನನ್ನ ಕೈಯಲ್ಲಿದ್ದ ಕಾಗದದ ಕಟ್ಟು ನೋಡಿದ ಗಂಡಸರು ಒಬ್ಬೊಬ್ಬರಾಗಿ ಎದ್ದು ಜಾಗ ಖಾಲಿ ಮಾಡಿದರು. ಅಬಕಾರಿಯವರ ಮಗಳು ಎಂದು ಯಾರೋ ಗುರುತು ಹಿಡಿದಿದ್ದರಂತೆ. ಅದು ಸುಳ್ಳೂ ಆಗಿರಲಿಲ್ಲ.

ತುಂಬಿದ ಫಾರಂಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಐದೂ ಊರುಗಳ ಸುತ್ತ ಕುಡಿಯುವವರೇ ಇರಲಿಲ್ಲ. ಆದರೆ ಪ್ರತಿ ಹಳ್ಳಿ ಶುರುವಾಗುವಲ್ಲೇ ಸಾರಾಯಿ ಅಂಗಡಿಯಿತ್ತು, ಅದರ ಮುಂದೆ ಹರಿದೆಸೆದ ಪ್ಲಾಸ್ಟಿಕ್ ಪಾಕೀಟುಗಳು ಗಾಳಿಗೆ ಹಾರಾಡುತ್ತಿದ್ದವು. ಈ ಕೆಲಸ ನನ್ನಿಂದಾಗದು ಎಂದು ನಾನು ರಾಜೀನಾಮೆ ಬರೆದೂ ಇಟ್ಟಿದ್ದೆ.

ಅದನ್ನು ಅಂಚೆಗೆ ಹಾಕುವ ಮೊದಲು ಹಡಗಲಿ ಕಡೆಯ ಒಂದು ಹಳ್ಳಿಗೆ ಹೋಗುವುದು ಬಾಕಿಯಿತ್ತು. ಹೆಂಗಸರು ಕೆಲಸಕ್ಕೆ ಹೊರಡುವ ಮೊದಲೇ ಮನೆಯಲ್ಲಿ ಹಿಡಿಯಬೇಕೆಂದು ಮೊದಲ ಬಸ್ಸಿಗೇ ಹೋದೆ. ಆದರೂ ಕೇರಿಯಲ್ಲಿ ಹೆಂಗಸರೇ ಇರಲಿಲ್ಲ. ಹಡಗಲಿಯ ಮಲ್ಲಿಗೆಯನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು, ಮೊಗ್ಗು ಅರಳಿದರೆ ಹೊಸಪೇಟೆಯ ಪೇಟೆಗೆ ಹೋಗುವಷ್ಟರಲ್ಲಿ ಬಾಡುತ್ತದೆ. ಹಾಗಾಗಿ ಅವರೆಲ್ಲ ನಸುಕಿಗೇ ಹೂವಿನ ಹೊಲಕ್ಕೆ ಹೋಗಿಬಿಟ್ಟಿದ್ದರು. ನಾನೂ ಹುಡುಕಿಕೊಂಡು ಹೊಲಕ್ಕೆ ಹೋದೆ.

ಅಲ್ಲಿ ಫಾರಂ ತುಂಬಿಸುವುದು ಸಾಧ್ಯವೇ ಇರಲಿಲ್ಲ. ಎರಡೂ ಕೈ ಗಿಡದಲ್ಲಿದ್ದವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಹೇಗೆ? ಚೀಲ ಬದುವಿನ ಮೇಲಿಟ್ಟು ನಾನೂ ಮೊಗ್ಗು ಬಿಡಿಸತೊಡಗಿದೆ. ನನ್ನ ಸಾಲಿನ ಆಚೆ ಆ ಗುಂಪಿನ ಹಿರಿಯಳಿದ್ದಳು. ನಲವತ್ತು ದಾಟಿದ, ಎತ್ತರದ, ಮಾತಾಡುವಾಗಲೂ ಬೆರಳು ನಿಲ್ಲಿಸದ ಹೆಂಗಸು. ನಾನು ಬಿಡಿಸಿದ್ದರಲ್ಲಿ ಎಳೆಮೊಗ್ಗೇ ಹೆಚ್ಚಿರುವುದನ್ನು ನೋಡಿ, ಆರಿಸಿ ತೆಗೆದು, ಯಾವುದನ್ನು ಮುಟ್ಟಬೇಕು ಯಾವುದನ್ನು ನಾಳೆಗೆ ಬಿಡಬೇಕು ಎಂದು ತೋರಿಸಿಕೊಟ್ಟಳು. ಆಮೇಲೆ ನಾನು ಬಂದ ಕೆಲಸವೇನೆಂದು ಕೇಳಿದಳು. ಹೇಳಿದೆ.

"ಕುಡಿಯೋರ್ನ ಎಣಸಿ ಏನ್ ಮಾಡ್ತಿಯವ್ವಾ?" ಎಂದಳು. "ನಾವು ಎಲ್ಲೆಲ್ಲಿ ಅಂಜಿ ಅಡ್ಡಾಡ್ತೀವಿ, ಅದನ್ನ ಕೇಳು. ಅದನ್ನ ಯಾರೂ ಮುಚ್ಚಿಡಂಗಿಲ್ಲ."

ಅವತ್ತು ಹೊಲದಿಂದ ಹಿಂದಿರುಗುವಾಗ ಅವರ ಜೊತೆ ನಡೆದು ಬಂದೆ. ಕೇರಿಯಿಂದ ಹೂವಿನ ಹೊಲಕ್ಕೆ ಇದ್ದದ್ದು ಒಂದೇ ದಾರಿ. ಆ ದಾರಿಯ ಬಾಯಿಗೇ ಸಾರಾಯಿ ಅಂಗಡಿ. ಊರಿನ ಮೇಲಿನ ಓಣಿಗಳವರು ತಮ್ಮ ಮನೆ ಹತ್ತಿರ ಬೇಡವೆಂದಾಗ ಅದು ಕೇರಿಯ ಮುಂದೆ ಬಂದು ನಿಂತಿತ್ತು. ಕೂಲಿಗೆ ಹೋಗುವ ಗಂಡಸರಿಗೆ ಮೊದಲ ಪಾಕೀಟು ನಸುಕಿಗೇ ಬೇಕು, ಹೆಂಗಸರು ಹೊಲಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಸೆರಗು ಎಳೆದದ್ದು, ಹಿಂದೆ ಬಂದದ್ದು, ಬುಟ್ಟಿ ಕಸಿದು ಚೆಲ್ಲಿದ್ದು, ಎಲ್ಲವನ್ನೂ ಅವರು ನಡೆಯುತ್ತಲೇ ಹೇಳಿದರು. ಐವರು ಕೂಡದೆ ಯಾರೂ ಆ ದಾರಿ ಹಿಡಿಯುತ್ತಿರಲಿಲ್ಲ. ಒಬ್ಬಾಕೆ ಹೂವಿನ ಕೆಲಸವನ್ನೇ ಬಿಟ್ಟಿದ್ದಳು. ಹೈಸ್ಕೂಲಿಗೆ ಹೋಗುವ ಹುಡುಗಿಯರು ಕೆರೆಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದರು. ನಾನು ಎರಡು ತಿಂಗಳಲ್ಲಿ ಸಂಗ್ರಹಿಸಲಾಗದ್ದು ಒಂದು ಮೈಲಿಯ ದಾರಿಯಲ್ಲಿ ಸಿಕ್ಕಿತು.

ಮರುವಾರ ಶಾಲೆಯ ಕಟ್ಟೆಯ ಮೇಲೆ ಸುಣ್ಣದ ಪುಡಿಯಿಂದ ಅವರೇ ಊರಿನ ನಕ್ಷೆ ಬರೆದರು. ಕೆರೆ, ಬಾವಿ, ಬಸ್ಸು ನಿಲ್ಲುವ ಜಾಗ, ಶಾಲೆ, ಅಂಗಡಿ. ಎಲ್ಲಿ ಅಂಜಿಕೆಯೋ ಅಲ್ಲಿ ಒಬ್ಬೊಬ್ಬರು ಒಂದೊಂದು ಹುಣಸೆಬೀಜ ಇಡಬೇಕು ಎಂದಾಯಿತು. ಮೊದಲು ನಾಚಿಕೊಂಡರು. ಸೊಸೆಯಂದಿರು ಅತ್ತೆಯಂದಿರ ಮುಖ ನೋಡಿದರು. ಆಮೇಲೆ ಒಬ್ಬ ಅತ್ತೆಯೇ ಎದ್ದು, ಮೂರು ಬೀಜ ತೆಗೆದುಕೊಂಡು ಅಂಗಡಿಯ ಮುಂದೆ ಇಟ್ಟಳು. ಸ್ವಲ್ಪ ಹೊತ್ತಿಗೆ ಅಲ್ಲಿ ಬೀಜಗಳ ಗುಡ್ಡೆಯೇ ಆಗಿ, ಸುಣ್ಣದ ಗೆರೆ ಕಾಣದಂತಾಯಿತು. ನಾನು ಅದನ್ನು ಕಾಗದಕ್ಕೆ ಇಳಿಸಿದೆ.

ಆ ಕಾಗದ ಹಿಡಿದು ಆರು ಜನ ಹೆಂಗಸರು ಹಡಗಲಿಯ ತಾಲ್ಲೂಕು ಕಚೇರಿಗೆ ಹೋದರು. ನಾನು ಹಿಂದೆ ನಿಂತಿದ್ದೆ. ಅಧಿಕಾರಿಗಳು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಹಿರಿಯಳು, ತಾವೇ ಬರೆದದ್ದೆಂದೂ ಈ ಹುಡುಗಿ ಬರೀ ಕಾಗದಕ್ಕೆ ಇಳಿಸಿದ್ದಾಳೆಂದೂ ಹೇಳಿದಳು. ಅವರು ಕುರ್ಚಿ ತರಿಸಿ ಆರೂ ಜನರನ್ನು ಕೂರಿಸಿದರು. ಅದಾದ ಮೇಲೂ ಅಲೆದಾಟ ತಪ್ಪಲಿಲ್ಲ. ಎರಡು ಸಲ ಪಂಚಾಯಿತಿ, ಮತ್ತೆರಡು ಸಲ ಹಡಗಲಿ. ಕೊನೆಗೊಂದು ಸೋಮವಾರ ಬೆಳಿಗ್ಗೆ ಅಂಗಡಿಗೆ ಬೀಗ ಬಿತ್ತು. ಅವತ್ತು ಕೇರಿಯಲ್ಲಿ ಗೋಧಿ ಹುಗ್ಗಿ ಮಾಡಿದರು. ನನಗೆ ಹಿರಿಯಳ ಮನೆಯಲ್ಲಿ ಊಟ. ರಾಜೀನಾಮೆಯ ಕಾಗದ ಹರಿದು ಹಾಕಿ, ಬೆಂಗಳೂರಿಗೆ ನಾಲ್ಕು ಪುಟದ ಪತ್ರ ಬರೆದೆ. ಆ ಪತ್ರ ಈಗಲೂ ಕಡತದಲ್ಲಿದೆ. ಓದಿದರೆ ನಾಚಿಕೆಯಾಗುತ್ತದೆ, ಅಷ್ಟು ಹೆಮ್ಮೆ ಅದರಲ್ಲಿದೆ.

ಗುರುವಾರ ನಾನು ಮತ್ತೆ ಹೋದಾಗ ಹಿರಿಯಳ ಮನೆಯ ಮುಂದೆ ಜನ ಸೇರಿದ್ದರು. ಆಕೆಯ ಗಂಡನನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದ, ಈಗ ಟ್ರ್ಯಾಕ್ಟರಿಗೆ ಮರಳು ತುಂಬಲು ಹೋಗುತ್ತಾನೆ, ಕುಡಿಯುತ್ತಾನೆ, ಇಷ್ಟೇ ಗೊತ್ತಿತ್ತು. ಈಗ ಆತ ಪಡಸಾಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಇಲ್ಲದ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗುತ್ತ ಎತ್ತು ಹೊಡೆಯುತ್ತಿದ್ದ. ನಾಲಗೆ ಚಪ್ಪರಿಸಿ ಎಡದ ಎತ್ತನ್ನು ಗದರುತ್ತಿದ್ದ. ಮೈಯೆಲ್ಲ ಬೆವರು. ಕೈಗಳು ಎಷ್ಟು ನಡುಗುತ್ತಿದ್ದವೆಂದರೆ ಹೆಗಲೂ ಕುಣಿಯುತ್ತಿತ್ತು. ಗೋಡೆಯಲ್ಲಿ ಇರುವೆ ಇಳಿಯುತ್ತಿವೆ, ಗಾಡಿ ಹತ್ತುತ್ತಿವೆ, ಒರೆಸಿರಿ ಎಂದು ನಡುನಡುವೆ ಕೂಗುತ್ತಿದ್ದ. ಗೋಡೆಯಲ್ಲಿ ಏನೂ ಇರಲಿಲ್ಲ.

ಗಾಳಿ ಸೋಕಿದೆ ಎಂದರು ಕೆಲವರು. ಗುಡಿಗೆ ಒಯ್ದು ಕಟ್ಟಬೇಕು ಎಂದರು ಇನ್ನು ಕೆಲವರು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ದೂರದಲ್ಲಿ ನಿಂತು, ಒಂದು ಪಾಕೀಟು ಕೊಟ್ಟರೆ ಈಗಿಂದೀಗ ಸರಿಹೋಗುತ್ತಾನೆ, ಬಾಗಿಲು ತೆಗೆಸಿ ಎಂದು ಹೇಳುತ್ತಿದ್ದ. ಹಿರಿಯಳು ಕಂಬ ಹಿಡಿದು ನಿಂತಿದ್ದಳು. ಅವಳ ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಹೆದರಿದ್ದೆ. ಆದರೆ ನಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ತರಬೇತಿಯ ವಾರ ಓದಿದ್ದೊಂದು ನೆನಪಾಯಿತು. ಬಹಳ ವರ್ಷ, ಬೆಳಗಿನಿಂದ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಭ್ರಮೆ, ಮೂರ್ಛೆ ಬರಬಹುದು, ಪ್ರಾಣವೂ ಹೋಗಬಹುದು ಎಂದು. ಪರೀಕ್ಷೆಗೆ ಓದಿದಂತೆ ಓದಿ ಮರೆತುಬಿಟ್ಟಿದ್ದೆ. ಅಂಗಡಿ ಮುಚ್ಚಿಸಲು ಓಡಾಡಿದ ಅಷ್ಟೂ ದಿನ ಅದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಉಪಕೇಂದ್ರದ ನರ್ಸ್ ಅದೇ ಹೊತ್ತಿಗೆ ಲಸಿಕೆಯ ಡಬ್ಬಿ ಹಿಡಿದು ಕೇರಿಗೆ ಬಂದಿದ್ದಳು. ಹಗರಿಬೊಮ್ಮನಹಳ್ಳಿ ಕಡೆಯವಳು, ಕಡಿಮೆ ಮಾತಿನವಳು. ನಾನು ಹೇಳಿದ್ದನ್ನು ಕೇಳಿ, ನಾಡಿ ಹಿಡಿದು ನೋಡಿ, ಜನರ ಕಡೆ ತಿರುಗಿದಳು.

"ಗಾಳಿಯೂ ಅಲ್ಲ, ದೆವ್ವೂ ಅಲ್ಲ. ಇದು ದವಾಖಾನಿ ಜಡ್ಡು. ಗುಡಿಗೆ ಆಮ್ಯಾಲೆ ಹೋಗೂಣಂತ, ಮೊದ್ಲು ಗಾಡಿ ತರ್ರಿ," ಎಂದಳು.

ಹೂವು ಇಳಿಸಿ ವಾಪಸು ಬಂದಿದ್ದ ಟೆಂಪೊ ಸಿಕ್ಕಿತು. ಖಾಲಿ ಬುಟ್ಟಿಗಳ ನಡುವೆ ಆತನನ್ನು ಮಲಗಿಸಿ, ಹೆಂಡತಿ ತಲೆ ಹಿಡಿದು, ನರ್ಸ್ ಕಾಲು ಹಿಡಿದು ಕೂತರು. ದಾರಿಯಲ್ಲಿ ಒಮ್ಮೆ ಮೂರ್ಛೆ ಬಂತು. ಹಲ್ಲಿನ ನಡುವೆ ಏನೂ ತುರುಕದಂತೆ, ಕೈಗೆ ಕಬ್ಬಿಣ ಕೊಡದಂತೆ ನರ್ಸ್ ನಮ್ಮನ್ನು ತಡೆದಳು, ಪಕ್ಕಕ್ಕೆ ಹೊರಳಿಸಿ ಹಿಡಿದಳು. ಹಡಗಲಿಯ ಆಸ್ಪತ್ರೆಯಲ್ಲಿ ಆಗಷ್ಟೇ ಬಂದಿದ್ದ ಯುವ ವೈದ್ಯರಿದ್ದರು. ಅವರು ನರ್ಸ್ ಹೇಳಿದ್ದು ಕೇಳಿದ ಕೂಡಲೇ ಇಂಜೆಕ್ಷನ್ ಕೊಟ್ಟು ಸಲೈನ್ ಹಾಕಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಯಾವಾಗ ಬಿಟ್ಟದ್ದು, ಯಾಕೆ ಬಿಟ್ಟದ್ದು ಎಂದು ವಿಚಾರಿಸಿದರು. ಹೇಳಿದೆ. ಹಾಗಿದ್ದರೆ ಆ ಊರಲ್ಲಿ ಇಂಥವರು ಇನ್ನೆಷ್ಟು ಜನ ಇದ್ದಾರೆ ಎಂದು ಕೇಳಿದರು.

ನಾನು ತುಂಬಿದ ಫಾರಂಗಳಲ್ಲಿ ಎಲ್ಲ ಮನೆಗೂ ಸೊನ್ನೆ ಎಂದು ಬರೆದಿತ್ತು, ಆ ಊರಿನದಂತೂ ಫಾರಂ ತುಂಬಿಯೇ ಇರಲಿಲ್ಲ.

ನರ್ಸ್ ಅದೇ ಟೆಂಪೊದಲ್ಲಿ ಹಳ್ಳಿಗೆ ಹೋಗಿ ಮನೆ ಮನೆ ತಿರುಗಿದಳು. ಇನ್ನಿಬ್ಬರಿಗೆ ನಡುಕ ಶುರುವಾಗಿತ್ತು. ಸಂಜೆಯೊಳಗೆ ಅವರನ್ನೂ ಕರೆತಂದಳು. ಅವರಿಗೆ ಅಷ್ಟು ಜೋರಾಗಲಿಲ್ಲ. ಉಳಿದವರು ಪಕ್ಕದ ಊರಿನ ಅಂಗಡಿಗೆ ನಡೆದು ಹೋಗಿ ಕುಡಿದು ಬಂದಿದ್ದರು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಮರುಕ್ಷಣ, ಸಮಾಧಾನವಾದದ್ದಕ್ಕೆ ಗಾಬರಿಯಾಯಿತು.

ಎರಡನೇ ದಿನ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ನಾನೂ ಹಿರಿಯಳೂ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಗಂಡ ಇನ್ನೂ ಆಗೊಮ್ಮೆ ಈಗೊಮ್ಮೆ ಎತ್ತಿನ ಹೆಸರು ಹಿಡಿದು ಕೂಗುತ್ತಿದ್ದ. ನಾನು ಆಕೆಯ ಕ್ಷಮೆ ಕೇಳಿದೆ. ನನಗೆ ಇದು ಗೊತ್ತಿತ್ತು, ಹೇಳಬೇಕಿತ್ತು ಎಂದೆ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅಂಗಡಿ ಮುಚ್ಚಿಸಿದ್ದು ತಪ್ಪಲ್ಲ ಬಿಡು," ಎಂದಳು. "ನಾವು ಹೆಣ್ಮಕ್ಕಳು ಎಲ್ಲಿ ಅಂಜತೀವಿ ಅಂತ ನೀ ಕೇಳಿದಿ. ಕುಡಿಯೋರೂ ಅಂಜತಾರ. ಮುಂಜಾನಿ ಕೈ ನಡುಗಿದ್ರ ಅಂತ ಅಂಜತಾರ. ಅವರ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಇಪ್ಪತ್ತು ವರ್ಸ ಬಾಳೇವು ಮಾಡಿ."

ಐದನೆಯ ದಿನ ಆತ ಎದ್ದು ಕೂತ. ಕೃಶನಾಗಿದ್ದ, ಆದರೆ ಕಣ್ಣು ನೆಟ್ಟಗಿತ್ತು. ತಾನು ಎತ್ತು ಹೊಡೆದದ್ದು ಅವನಿಗೆ ನೆನಪಿರಲಿಲ್ಲ. ಹೆಂಡತಿ ಹೇಳಿದಾಗ, ಎಡದ ಎತ್ತು ಯಾವಾಗಲೂ ಮೊಂಡು ಇತ್ತು ಎಂದ. ಅಷ್ಟು ದಿನಗಳಲ್ಲಿ ಆಕೆ ನಕ್ಕದ್ದು ಆಗಲೇ.

ಆತನೇ ನನಗೆ ಸತ್ಯ ಹೇಳಿದ ಮೊದಲ ಗಂಡಸು. ಫಾರಂ ಇಲ್ಲದೆ, ಅವರ ಕಟ್ಟೆಯ ಮೇಲೆ ಕೂತು, ಮೂರು ಮಧ್ಯಾಹ್ನ ಕೇಳಿಸಿಕೊಂಡೆ. ಮೊದಲು ಮೈನೋವಿಗೆ ಕುಡಿದದ್ದು. ಆಮೇಲೆ ಬೆಳಿಗ್ಗೆ ನೊಗದ ಕೀಲು ಹಾಕಲು ಬೆರಳು ಕೂಡದಾದಾಗ ಒಂದು ಪಾಕೀಟು. ಆಮೇಲೆ ಗಾಡಿಯೇ ಇಲ್ಲದಿದ್ದರೂ ಪಾಕೀಟು ಉಳಿಯಿತು. ಕುಡಿದರೆ ಖುಷಿಯಾಗುತ್ತದೆ ಎಂದು ಜನ ಅಂದುಕೊಂಡಿದ್ದಾರೆ, ತನಗೆ ಖುಷಿಯಾಗಿ ಎಷ್ಟೋ ವರ್ಷವಾಯಿತು, ಕೈಯ ನಡುಕ ನಿಲ್ಲುತ್ತದೆಂದು ಕುಡಿಯುತ್ತಿದ್ದೆ ಎಂದ. ಅಂಗಡಿಯ ಮುಂದೆ ಹೆಂಗಸರನ್ನು ಕಾಡುತ್ತಿದ್ದವರ ಬಗ್ಗೆಯೂ ಹೇಳಿದ. ತಾನು ನೋಡಿಯೂ ಸುಮ್ಮನಿರುತ್ತಿದ್ದೆ, ಆ ಹೆಂಗಸರ ಸಾಲಿನಲ್ಲಿ ತನ್ನ ಹೆಂಡತಿಯೂ ಇರುತ್ತಿದ್ದಳು ಎಂದು ಹೇಳುವಾಗ ತಲೆ ಎತ್ತಲಿಲ್ಲ. ಹೆಂಡತಿ ಒಳಗೆ ಕೇಳಿಸಿಕೊಳ್ಳುತ್ತಿದ್ದಳು.

ಆ ವಾರ ಕೂಡ್ಲಿಗಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು, ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಟ್ಟಿಯ ಹತ್ತಿರ ಹಿಡಿದು ತಂದ ಒಬ್ಬ ಮನುಷ್ಯನ ಸುದ್ದಿ ತೆಗೆದರು. ಕೂಡಿಹಾಕಿದ ಎರಡನೇ ದಿನ ಅವನು ನಡುಗತೊಡಗಿದನಂತೆ, ಗೋಡೆ ಹಿಡಿದು ಯಾರನ್ನೋ ಬೈಯುತ್ತಿದ್ದನಂತೆ.

"ನಾಟಕ ಮಾಡ್ತಾನ ಅಂದ್ವಿ. ನಾನೂ ಅಂದೆ," ಎಂದರು ಅಪ್ಪ. "ಆಮ್ಯಾಲೆ ಬಳ್ಳಾರಿಗೆ ಒಯ್ದರು. ಮುಂದ ಏನಾತು, ನಾ ಕೇಳ್ಲಿಲ್ಲ."

ಅಷ್ಟು ಹೇಳಿ ಎದ್ದು ಹೋದರು. ಆದರೆ ಮರುದಿನ ನಾನು ಬಸ್ಸಿಗೆ ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದವರೆಗೂ ಬಂದರು. ದಾರಿಯಲ್ಲಿ, ಕೂಡ್ಲಿಗಿಯ ಸುತ್ತ ಯಾವ ಹಳ್ಳಿಯಲ್ಲಿ ಎಷ್ಟು ಹಳಬರು ಬೆಳಗಿನಿಂದ ಕುಡಿಯುತ್ತಾರೆಂದು ತಮಗೆ ಗೊತ್ತಿದೆ, ಬೇಕಾದರೆ ಜೊತೆಗೆ ಬರುತ್ತೇನೆ ಎಂದರು. ನನಗೆ ಕಣ್ಣು ತುಂಬಿತು. ಬಸ್ಸಿನ ಕಡೆ ನೋಡುತ್ತ ಹೂಂ ಎಂದೆ.

ವರದಿ ಬರೆಯುವಾಗ ಒಂದು ಜಗಳವಾಯಿತು. ಅಂಗಡಿ ಮುಚ್ಚುವ ಮೊದಲು ಆ ಊರಲ್ಲಿ ಬೆಳಗಿನಿಂದ ಕುಡಿಯುವವರು ಯಾರೆಂದು ಗುಟ್ಟಾಗಿ ತಿಳಿದುಕೊಳ್ಳಬೇಕು, ನರ್ಸಿಗೆ, ತಾಲ್ಲೂಕು ಆಸ್ಪತ್ರೆಗೆ ಮುಂಚೆ ತಿಳಿಸಬೇಕು, ಮೊದಲ ವಾರ ದಿನಕ್ಕೆರಡು ಸಲ ಅವರ ಮನೆಗೆ ಹೋಗಿ ನೋಡಬೇಕು, ಅವರ ಹೆಸರು ಪೊಲೀಸರ ಕೈಗೆ ಹೋಗಬಾರದು ಎಂದು ನಾನು ಬರೆದಿದ್ದೆ. ನಮ್ಮ ನಿರ್ದೇಶಕರು ಒಳ್ಳೆಯವರು, ಆದರೆ ಇದನ್ನು ಒಪ್ಪಲಿಲ್ಲ. ಸರ್ಕಾರಕ್ಕೆ ಒಂದೇ ಮಾತು ಹೇಳಬೇಕು, ಮುಚ್ಚಿ ಎಂದೂ ಹೇಳಿ ಮುಚ್ಚಿದರೆ ಅಪಾಯ ಎಂದೂ ಹೇಳಿದರೆ ಅಂಗಡಿಯವರು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದರು. ಅವರ ಮಾತೂ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಬಿಡಲಿಲ್ಲ. ಹಡಗಲಿಯ ವೈದ್ಯರಿಂದ ಒಂದು ಪತ್ರ ಬರೆಸಿ ತಂದೆ. ಕೊನೆಗೆ ಆ ಭಾಗ ವರದಿಯ ಕಟ್ಟಕಡೆಗೆ, ಅನುಬಂಧವಾಗಿ, ಸಣ್ಣ ಅಕ್ಷರದಲ್ಲಿ ಸೇರಿತು. ನಾನು ಅಷ್ಟಕ್ಕೇ ಸಿಟ್ಟಾಗಿದ್ದೆ. ಮುಂದೆ ಜನ ತೆಗೆದು ಓದಿದ್ದು ಆ ಅನುಬಂಧವನ್ನೇ ಎಂದು ಆಗ ಹೇಗೆ ಗೊತ್ತಾಗಬೇಕು?

ಮುಂದಿನ ವರ್ಷ ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಹೆಂಗಸರು ತಾವೂ ನಕ್ಷೆ ಬರೆಯುತ್ತೇವೆಂದು ಹೇಳಿಕಳಿಸಿದರು. ಈ ಸಲ ನಾವು ಅವಸರ ಮಾಡಲಿಲ್ಲ. ಅಪ್ಪ ಬಂದರು. ಅವರನ್ನು ನೋಡಿ ಮೊದಲ ದಿನ ಇಬ್ಬರು ಮುದುಕರು ಎದ್ದು ಓಡಲು ನೋಡಿದರು. ಅಪ್ಪ ತಲೆಗೆ ಟವೆಲು ಸುತ್ತಿಕೊಂಡು ಅವರ ಪಕ್ಕ ನೆಲದ ಮೇಲೆ ಕೂತು, ತಾನು ಈಗ ಯಾರನ್ನೂ ಹಿಡಿಯುವವನಲ್ಲ ಎಂದರು. ಹಡಗಲಿಯಿಂದ ಹಿರಿಯಳೂ ಆಕೆಯ ಗಂಡನೂ ಎರಡು ಬಸ್ಸು ಬದಲಿಸಿ ಬಂದರು. ಗಂಡ, ಆ ಊರಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತು ತನಗಾದದ್ದನ್ನೆಲ್ಲ ಹೇಳಿದ, ಇರುವೆಗಳನ್ನೂ ಬಿಡದೆ. ಕೇಳುತ್ತಿದ್ದವರು ಮೊದಲು ನಕ್ಕರು. ಆಮೇಲೆ ಒಬ್ಬ ತನ್ನ ಎರಡೂ ಕೈ ಮುಂದೆ ಚಾಚಿ, ನೋಡು, ನನಗೂ ಹಿಂಗ ಆಗತೈತಿ ಎಂದು ತೋರಿಸಿದ. ಅವನ ನಂತರ ಇನ್ನೊಬ್ಬ.

ಅಂಗಡಿ ಊರಾಚೆಗೆ ಹೋಗುವ ಹತ್ತು ದಿನ ಮೊದಲೇ ಏಳು ಜನ ಸ್ವಂತ ಇಚ್ಛೆಯಿಂದ ವೈದ್ಯರನ್ನು ಕಂಡಿದ್ದರು. ಇಬ್ಬರನ್ನು ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಉಳಿದವರಿಗೆ ಅಲ್ಲಿಯ ನರ್ಸ್ ಮನೆಗೇ ಗುಳಿಗೆ ತಂದು ಎದುರಿಗೇ ನುಂಗಿಸಿದಳು. ಅಂಗಡಿ ಹೋದ ಮೂರನೆಯ ದಿನ ನಾನು ಮನೆ ಮನೆ ತಿರುಗಿದೆ. ಒಬ್ಬನಿಗೆ ನಿದ್ದೆ ಬಂದಿರಲಿಲ್ಲ, ಒಬ್ಬನಿಗೆ ವಾಂತಿ. ಅಷ್ಟೇ. ಏಳರಲ್ಲಿ ನಾಲ್ವರು ವರ್ಷ ತುಂಬುವುದರೊಳಗೆ ಮತ್ತೆ ಕುಡಿದರು. ಮೂವರು ಕುಡಿಯಲಿಲ್ಲ. ಸಾಯಲಂತೂ ಯಾರೂ ಸಾಯಲಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ವಾರ ಯಾವುದೆಂದು ಕೇಳಿದರೆ, ಏನೂ ನಡೆಯದ ಆ ವಾರವನ್ನೇ ಹೇಳುತ್ತೇನೆ.

ಹಡಗಲಿಯ ಆತನೂ ಒಮ್ಮೆ ಜಾರಿದ. ತಮ್ಮನ ಮಗಳ ಮದುವೆಯಲ್ಲಿ ಶುರುವಾಗಿ ಒಂದು ತಿಂಗಳು ಕುಡಿದ. ಈ ಸಲ ಹೆಂಡತಿಯೇ, ಕುಡಿತ ಬಿಡಿಸುವ ಮೊದಲು, ಹಡಗಲಿಯ ಆಸ್ಪತ್ರೆಗೆ ಕರೆದೊಯ್ದಳು. ಆಮೇಲೆ ಆಕೆ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದಳು. ಹೂವಿನ ಹೊಲಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಸಭೆಗಳು ಬೆಳಿಗ್ಗೆ ಹನ್ನೊಂದಕ್ಕೆ ತಾನೇ, ಅಷ್ಟರಲ್ಲಿ ಹೂವಿನ ಕೆಲಸ ಮುಗಿದಿರುತ್ತದೆ ಎನ್ನುತ್ತಿದ್ದಳು.

ಸುಮಾರು ಹತ್ತು ವರ್ಷಗಳ ನಂತರ ರಾಜ್ಯದಲ್ಲೇ ಸಾರಾಯಿ ನಿಲ್ಲಿಸುವುದಾಗಿ ಸರ್ಕಾರ ಸಾರಿತು. ಆ ಸುದ್ದಿ ಕೇಳಿದ ದಿನ ಎಲ್ಲರೂ ಸಂಭ್ರಮಪಡುತ್ತಿದ್ದರೆ ನಾನು ದಿನ ಎಣಿಸತೊಡಗಿದೆ. ಒಂದು ಊರಿನ ಮೂರನೆಯ ದಿನವನ್ನು ಕಂಡಿದ್ದೆ, ಎಲ್ಲ ಊರುಗಳ ಮೂರನೆಯ ದಿನ ಹೇಗಿದ್ದೀತು? ನಮ್ಮ ನಿರ್ದೇಶಕರೇ ಫೋನು ಮಾಡಿ, ಆ ಅನುಬಂಧದ ಪ್ರತಿ ನಿನ್ನ ಹತ್ತಿರ ಇದೆಯೇ ಎಂದು ಕೇಳಿದರು. ಇತ್ತು. ಕೊಟ್ಟೂರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದಿಡೀ ಮಧ್ಯಾಹ್ನ ನಿಂತು ಪ್ರತಿ ತೆಗೆಸಿ, ಐದೂ ಕಡೆಯ ನರ್ಸುಗಳಿಗೆ ಹಂಚಿದೆವು. ಹಗರಿಬೊಮ್ಮನಹಳ್ಳಿಯ ಸಭೆಯಲ್ಲಿ ನಮ್ಮ ಹಳೆಯ ನರ್ಸೇ ಎದ್ದು ನಿಂತು, ಟೆಂಪೊದಲ್ಲಿ ಕಾಲು ಹಿಡಿದು ಕೂತ ಕಥೆ ಹೇಳಿದಳು. ಅಷ್ಟು ಉದ್ದ ಆಕೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು. ನಕ್ಷೆಗಳನ್ನು ಹೊಸದಾಗಿ ಬರೆಯಬೇಕಾಯಿತು. ಅದರಿಂದ ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಳೆಯ ನಕ್ಷೆ ಬರೆದ ಹೆಂಗಸರ ಸೊಸೆಯಂದಿರು ಹೊಸದನ್ನು ಬರೆಯಲು ಕೂತಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೇರವಾಗಿ ಬೀಜ ಇಡುತ್ತಿದ್ದರು.

ಅದೇ ವರ್ಷ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕುಡಿತ ಬಿಡುವವರಿಗಾಗಿ ಒಂದು ಕೋಣೆ ಕೊಟ್ಟರು. ಮೊದಲ ಎರಡು ವಾರ ಯಾರೂ ಬರಲಿಲ್ಲ. ನಾನೂ ಅಲ್ಲಿಯ ಹೊಸ ನರ್ಸೂ ಖಾಲಿ ಬೆಂಚು ನೋಡುತ್ತ ಕೂತಿದ್ದೆವು. ಮೂರನೇ ವಾರ ಮೆಕ್ಕೆಜೋಳದ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹಮಾಲಿ ಬಂದ. ಹೆಗಲ ಮೇಲೆ ಗೋಣಿಯ ಧೂಳು ಹಾಗೇ ಇತ್ತು. ಯಾರೂ ಅವನನ್ನು ಎಳೆದು ತಂದಿರಲಿಲ್ಲ. ಬಾಗಿಲ ಹೊರಗೇ ನಿಂತು ಕೇಳಿದ.

"ನಾ ಇನ್ನೂ ಬಿಟ್ಟಿಲ್ರಿ. ಬಿಡಬೇಕಂತ ಮಾಡೀನಿ. ಒಮ್ಮಿಗೇ ಬಿಟ್ರ ಜೀವಕ್ಕ ಧಕ್ಕಿ ಐತಂತ, ಮೊದ್ಲು ಇಲ್ಲಿ ಕೇಳಬೇಕಂತ. ಖರೇನ್ರಿ?"

ಖರೇ ಎಂದೆ. ಯಾರು ಹೇಳಿದರು ಎಂದು ಕೇಳಿದರೆ, ಮಂಡಿಯಲ್ಲಿ ಎಲ್ಲರಿಗೂ ಗೊತ್ತಿದೆ ಎಂದ. ನರ್ಸ್ ಎದ್ದು, ಒಳಗೆ ಬರುವಂತೆ ಹೇಳಿ, ಅವನ ನಾಡಿ ಹಿಡಿದಳು.